ಲಿವರ್ ಬಿಟ್ಟು ಉಳಿದದ್ದಕ್ಕೆಲ್ಲ ವಿಮೆ

ನನಗೊಂದು ಲಿವರ್ ಇದೆ ಎಂಬುದು ನನ್ನ ಗಮನಕ್ಕೆ ಬಂದದ್ದು ಐವತ್ತು ದಾಟಿದ ಮೇಲೆ. ಪುಸ್ತಕದಲ್ಲಿ ಓದಿರಲಿಲ್ಲವೆಂದಲ್ಲ. ಎಲ್ಲರಿಗೂ ಇರುತ್ತದೆ, ನನಗೂ ಇದ್ದೀತು ಎಂಬಷ್ಟು ನಂಬಿಕೆ ಇತ್ತು. ಆದರೆ ಮೈಯೊಳಗಿನ ಅಂಗಗಳ ಪಾಡೇ ಹಾಗೆ. ಸುಮ್ಮನೆ ತಮ್ಮ ಕೆಲಸ ಮಾಡಿಕೊಂಡಿರುವವರೆಗೆ ಅವುಗಳನ್ನು ಯಾರೂ ಮಾತಾಡಿಸುವುದಿಲ್ಲ. ನನಗೆ ಪರಿಚಯವಿದ್ದದ್ದು ಹಲ್ಲು ಮತ್ತು ಮಂಡಿ ಮಾತ್ರ. ಎರಡೂ ಆಗಾಗ ನೋಯುತ್ತಿದ್ದವು.

ಆಗ ನಾನು ಮೋಟೆಬೆನ್ನೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಮನೆ ಹತ್ತಿರದ ಬ್ಯಾಡಗಿಯಲ್ಲಿ. ನಮ್ಮವರು, ಅಂದರೆ ನನ್ನ ಗಂಡ ಚನ್ನವೀರಪ್ಪ, ಅಲ್ಲಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯವರು. ಒಂದು ದಿನ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಹಿಂದಿ ಕಲಿಸುವ ಗೆಳತಿ ಜೈಬುನ್ನಿಸಾ ನನ್ನ ಮುಖವನ್ನೇ ದಿಟ್ಟಿಸಿ, "ಶಾರದಾ, ನಿನ್ನ ಕಣ್ಣಿಗೆ ಯಾರರ ಅರಿಷಿಣ ಹಚ್ಯಾರೇನು?" ಅಂದಳು. ಕಾಮಾಲೆಗೆ ನಮ್ಮ ಕಡೆ ಕಾಮಣಿ ಅನ್ನುತ್ತಾರೆ. ಕಾಮಣಿಗೆ ಔಷಧಿ ಗೊತ್ತಿಲ್ಲದ ಮನುಷ್ಯ ಬ್ಯಾಡಗಿಯಲ್ಲಿ ಸಿಗುವುದು ಕಷ್ಟ. ಓಣಿಯವರೆಲ್ಲ ತಂದುಕೊಟ್ಟ ಸೊಪ್ಪಿನ ರಸಗಳನ್ನು ನಾನು ಭಕ್ತಿಯಿಂದ ಕುಡಿದೆ. ಕಣ್ಣು ಹಳದಿಯಾಗಿಯೇ ಉಳಿಯಿತು, ನಾಲಿಗೆ ಮಾತ್ರ ಹಸಿರಾಯಿತು.

ಕೊನೆಗೆ ರಾಣೆಬೆನ್ನೂರಿನ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಕೆಲವು ದಿನ ಮಲಗಿಸಿ ಏನೇನೋ ತಪಾಸಣೆ ಮಾಡಿಸಿ, ರಿಪೋರ್ಟು ಓದಿ, ನನಗೆ ತಿಳಿಯುವ ಹಾಗೆ ಹೇಳಿದರು: "ಇದು ಹೊರಗಿಂದ ಬಂದ ರೋಗ ಅಲ್ಲವಾ. ಮೈಯಾಗ ಕಾವಲಿಗಂತ ಪೊಲೀಸರು ಇರ್ತಾರ. ನಿನ್ನ ಪೊಲೀಸರು ಕಳ್ಳರನ್ನ ಬಿಟ್ಟು ಮನಿಯವರನ್ನ ಹೊಡಿಯಾಕತ್ಯಾರ. ಲಿವರ್ ಪಾಪ, ಏನೂ ಮಾಡಿಲ್ಲ. ಗುಳಗಿ ಕೊಡ್ತೀನಿ, ಪೊಲೀಸರು ಸ್ವಲ್ಪ ಮಲಗಲಿ."

ಗುಳಿಗೆಗೆ ಪೊಲೀಸರು ಮಲಗಿದರು. ಜೊತೆಗೆ ನನ್ನ ಮುಖ ಹುಣ್ಣಿಮೆ ಚಂದ್ರನ ಹಾಗೆ ದುಂಡಗಾಯಿತು. ಮದುವೆ ಮುಂಜಿಗಳಲ್ಲಿ ಸಿಕ್ಕವರು "ಈಗ ನೋಡ್ರಿ, ಎಷ್ಟು ಚಂದ ಮೈ ಹಿಡಿದೀರಿ" ಎಂದು ಹರಸುತ್ತಿದ್ದರು. ಆರೋಗ್ಯವಾಗಿದ್ದಾಗ ಯಾರೂ ನನ್ನನ್ನು ಹೀಗೆ ಹೊಗಳಿರಲಿಲ್ಲ.

ಕನ್ನಡ ಕಲಿಸುವವಳಾದ್ದರಿಂದ ನಾನು ಕಾಯಿಲೆಯನ್ನೂ ಮೊದಲು ಪದಕೋಶದಲ್ಲೇ ಹುಡುಕಿದೆ. ನೋಡಿ, ನಮ್ಮ ಭಾಷೆ ಒಳಗಿನ ಅಂಗಗಳಿಗೆ ಎಷ್ಟು ಚೆನ್ನಾಗಿ ಖಾತೆಗಳನ್ನು ಹಂಚಿದೆ. ಪ್ರೀತಿಗೆ ಹೃದಯ, ಧೈರ್ಯಕ್ಕೆ ಗುಂಡಿಗೆ, ಮಕ್ಕಳ ಮೇಲಿನ ಮಮತೆಗೆ ಕರುಳು. ಕಿಡ್ನಿಗೂ ಲಿವರಿಗೂ ಏನೂ ಇಲ್ಲ. ಪಿತ್ತವನ್ನು ಹುಟ್ಟಿಸುವುದು ಲಿವರ್. ಆದರೆ ನೆತ್ತಿಗೇರುವ ಕೀರ್ತಿ ಮಾತ್ರ ಪಿತ್ತಕ್ಕೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಯಕೃತ್ತು ಎಂಬ ಹೆಸರಿದೆ. ಆ ಹೆಸರಿನಿಂದ ಅದನ್ನು ಪ್ರೀತಿಯಿಂದ ಕರೆಯಲು ಯಾರಿಂದಾದೀತು? ನಾನು ಈ ದುಃಖವನ್ನು ಜೈಬುನ್ನಿಸಾಳ ಮುಂದೆ ತೋಡಿಕೊಂಡಾಗ ಅವಳು, "ನಮ್ಮ ಉರ್ದುದಾಗ ಬಾ. ಕಲೇಜಾ ಅಂದ್ರ ಲಿವರ್ ಬಿ ಹೌದು, ಧೈರ್ಯ ಬಿ ಹೌದು. ಮಕ್ಕಳಿಗೆ ಕಲೇಜದ ತುಂಡು ಅಂತೀವಿ. ನಿನ್ನ ಭಾಷೆದಾಗ ಬರೇ ಬ್ಯಾನಿ ಐತಿ" ಅಂದಳು. ಕನ್ನಡಕ್ಕಾಗಿ ನಾನು ಸ್ವಲ್ಪ ವಾದ ಮಾಡಿದೆ, ಆದರೆ ಮನಸ್ಸಿಲ್ಲದೆ.

ನಮ್ಮ ಜನರ ಬಾಯಲ್ಲಿ ಲಿವರಿಗೆ ಒಂದೇ ಒಂದು ಅರ್ಥವಿದೆ. ಲಿವರ್ ಹೋಯಿತು ಎಂದರೆ ಕುಡಿದ ಎಂದರ್ಥ. ಈಗ ತೊಂದರೆ ಏನೆಂದರೆ, ಹೈಸ್ಕೂಲಿನ ಕನ್ನಡ ಟೀಚರು, ಸೋಮವಾರ ಒಪ್ಪತ್ತು ಮಾಡುವವಳು, ಕುಡಿದಾಳು ಎಂದು ಊಹಿಸಲು ಬ್ಯಾಡಗಿಗೆ ಮನಸ್ಸು ಬರಲಿಲ್ಲ. ಹಾಗಂತ ಲಿವರ್ ಎಂದ ಮೇಲೆ ಯಾರಾದರೊಬ್ಬರು ಕುಡಿದಿರಲೇಬೇಕಲ್ಲ. ಎಲ್ಲರೂ ನಮ್ಮವರ ಕಡೆ ನೋಡತೊಡಗಿದರು.

ಇವರು ಜನ್ಮದಲ್ಲಿ ಹನಿ ಮುಟ್ಟಿದವರಲ್ಲ. ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿಯೇ ಕುಡಿಯುವವರು. ಆದರೆ ಪೇಟೆಯಲ್ಲಿ ಹಿರಿಯರೊಬ್ಬರು ಇವರನ್ನು ಬದಿಗೆ ಕರೆದು, "ಚನ್ನವೀರಪ್ಪಾ, ಇನ್ನರ ಬಿಡಪಾ. ನಿನ್ನ ಚಿಂತಿ ಮಾಡಿ ಮಾಡಿ ಅಕೀ ಲಿವರಿಗೆ ಬಂತು" ಎಂದು ಬುದ್ಧಿ ಹೇಳಿದರಂತೆ. ಇವರು ಮನೆಗೆ ಬಂದು ಊಟ ಮಾಡದೆ ಕುಳಿತರು. "ಬಿಡಾಕ ನಾ ಹಿಡಿದಿದ್ದರs ಏನು?" ಎಂದು ಕೇಳಿದರು. ನನಗೆ ನಗು ಬಂತು. ಇವರಿಗೆ ಬರಲಿಲ್ಲ.

ಹೀಗೆ ಎರಡು ವರ್ಷ ಕಳೆದವು. ನನ್ನ ಪೊಲೀಸರು ಶಾಂತವಾಗಿದ್ದರು. ನಾನು ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದೆ. ಆಗಲೇ ಸ್ಪೇನಿನ ಮಾತು ಬಂದದ್ದು.

ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನು ಹಿಂಡಿ ತೆಗೆದು ಪರದೇಶಕ್ಕೆ ಕಳಿಸುತ್ತಾರೆಂಬುದು ನಿಮಗೆ ಗೊತ್ತಿರಬಹುದು. ಅದನ್ನು ಕೊಳ್ಳುವ ಸ್ಪೇನಿನ ಕಂಪನಿಯೊಂದು ಇಲ್ಲಿಯ ಕೆಲವು ವ್ಯಾಪಾರಸ್ಥರನ್ನು ಹೆಂಡಿರ ಸಮೇತ ಕರೆಯಿತು. ಅಲ್ಲಿಯೂ ಒಂದು ಕೆಂಪು ಮೆಣಸಿನಕಾಯಿ ಇದೆಯಂತೆ, ಅದಕ್ಕೆ ಖಾರವೇ ಇಲ್ಲವಂತೆ, ಬಣ್ಣ ಮಾತ್ರ ನಮ್ಮದಕ್ಕಿಂತ ಒಂದು ಕೈ ಹೆಚ್ಚಂತೆ. ಈ ಕೊನೆಯ ಮಾತು ನಮ್ಮವರ ನಿದ್ದೆ ಕೆಡಿಸಿತು. "ಹೆಚ್ಚಂತ. ನೋಡಿದವರು ಯಾರು?" ಎಂದು ಗೋಡೆಯನ್ನು ಕೇಳುತ್ತ ಓಡಾಡಿದರು. ಬ್ಯಾಡಗಿಯ ಕೆಂಪಿನ ಮೇಲೆ ಇವರಿಗಿರುವ ಅಭಿಮಾನ ನನಗೆ ಗೊತ್ತು. ನಮ್ಮ ಮದುವೆಯಲ್ಲಿ ಸೀರೆ ಆರಿಸುವಾಗ ಅಂಗಡಿಯವನ ಮುಂದೆ ಒಂದು ಒಣ ಮೆಣಸಿನಕಾಯಿ ಇಟ್ಟು "ಈ ಬಣ್ಣ ತಗಿ" ಅಂದವರು.

ಹೋಗಿ ನೋಡಿ ಬನ್ನಿ ಎಂದೆ. "ನೀ?" ಎಂದರು. ನಾನು ಹೇಗೆ ಬರಲಿ, ಈ ಲಿವರ್ ಕಟ್ಟಿಕೊಂಡು ಎಂದೆ. "ಹಂಗಾರ ನಾನೂ ಒಲ್ಲೆ" ಎಂದು ಪೇಪರ್ ಮುಖಕ್ಕೆ ಅಡ್ಡ ಹಿಡಿದರು. ಅದರ ಹಿಂದೆ ಇವರು ಓದುತ್ತಿಲ್ಲವೆಂದು ನನಗೆ ಕಾಣುತ್ತಿತ್ತು, ಪೇಪರ್ ತಲೆಕೆಳಗಾಗಿತ್ತು. ಆಗಲಿ, ಬರುತ್ತೇನೆ ಎಂದೆ.

ವೀಸಾ ಬೇಕೆಂದರೆ ಪ್ರವಾಸ ವಿಮೆ ಬೇಕೇ ಬೇಕು ಎಂದು ಹುಬ್ಬಳ್ಳಿಯ ಟ್ರಾವೆಲ್ ಏಜೆಂಟ್ ಹೇಳಿದ. ನಮಗೆ ಗೊತ್ತಿದ್ದ ವಿಮೆಯವನು ಒಬ್ಬನೇ, ರಾಣೆಬೆನ್ನೂರಿನ ಗುರುರಾಜ. ಇವನು ಕುಮಾರಪಟ್ಟಣದ ಕಾರ್ಖಾನೆಯವರ ಜೀವಕ್ಕೆ, ಹಳ್ಳಿಗಳ ಎಮ್ಮೆಗಳಿಗೆ, ಮತ್ತು ದಾರಿಯಲ್ಲಿ ನಿಂತ ಯಾವುದೇ ಮೋಟಾರಿಗೆ ವಿಮೆ ಮಾಡಿಸುತ್ತಿದ್ದ. ನಗುಮುಖದವನು. ಸಾವಿನ ಬಗ್ಗೆ ಅಷ್ಟು ಉಲ್ಲಾಸದಿಂದ ಮಾತಾಡುವವರನ್ನು ನಾನು ಬೇರೆ ಕಂಡಿಲ್ಲ.

ಗುರುರಾಜ ಸೋಫಾದ ಮೇಲೆ ಕುಳಿತು, ಅರ್ಜಿ ತೊಡೆಯ ಮೇಲಿಟ್ಟುಕೊಂಡು ಕೇಳಿದ: "ಮೊದಲಿಂದ ಏನರ ಬ್ಯಾನಿ ಅದಾವ್ರಿ?"

"ಲಿವರಿಂದು ಐತಿ" ಎಂದೆ.

ಅವನ ಪೆನ್ನು ನಿಂತಿತು. ಕಣ್ಣು ಮೆಲ್ಲಗೆ ನಮ್ಮವರ ಕಡೆ ಹೊರಳಿತು. ಇವರು ಗಂಟಲು ಸರಿಮಾಡಿಕೊಂಡು, "ಲಿವರ್ ಅಕೀದು. ನಾ ಕುಡಿಯಾಂಗಿಲ್ಲ" ಎಂದರು. ಕೇಳದೆ ಕೊಟ್ಟ ಉತ್ತರ ಯಾವಾಗಲೂ ಸಂಶಯ ಹುಟ್ಟಿಸುತ್ತದೆ. ಗುರುರಾಜ ಅರ್ಥವಾದವನಂತೆ ತಲೆಯಾಡಿಸಿದ.

"ಅಕ್ಕಾರ, ಒಂದು ಮಾತು ಹೇಳ್ತೇನಿ. ಬರೀಬ್ಯಾಡ್ರಿ. ಲಿವರ್ ಒಳಗಿರ್ತೈತಿ, ಯಾರಿಗೂ ಕಾಣಂಗಿಲ್ಲ. ಎಮ್ಮಿಗರ ಹಲ್ಲು ನೋಡ್ತಾರ, ಕಿವಿಗೆ ಬಿಲ್ಲಿ ಹಾಕ್ತಾರ. ಮನಷ್ಯಾರಿಗೆ ಅದೂ ಇಲ್ಲ. ಇಲ್ಲ ಅಂತ ಟಿಕ್ ಹೊಡದ್ರ ನಾಳೆ ಪಾಲಿಸಿ ಕೈಯಾಗ."

ಖರೇ ಹೇಳುತ್ತೇನೆ, ನನ್ನ ಮನಸ್ಸು ಒಂದು ಗಳಿಗೆ ಅಲುಗಾಡಿತು. ಇಷ್ಟು ವರ್ಷ ಪರೀಕ್ಷೆಯ ಕೋಣೆಗಳಲ್ಲಿ ಕಾಪಿ ಚೀಟಿ ಹಿಡಿದವಳು ನಾನು. ಆದರೂ ಆ ಚಿಕ್ಕ ಚೌಕದಲ್ಲಿ ಟಿಕ್ ಹಾಕಿದರೆ ಕಾಗದದ ಮೇಲಾದರೂ ನನಗೆ ರೋಗವಿಲ್ಲ ಎಂದಾಗುತ್ತಿತ್ತು. ಅದರ ಆಸೆ ಎಷ್ಟೆಂಬುದು ರೋಗವಿದ್ದವರಿಗೇ ಗೊತ್ತು.

ಬೇಡ ಎಂದವರು ನಮ್ಮವರು. "ಅಲ್ಲಪಾ ಗುರುರಾಜ, ತೊಯ್ದ ಮಾಲು ಚೀಲದ ನಡುವ ಇಟ್ಟು ಹೊಲಿದ್ರ ಇಲ್ಲೆ ಯಾರಿಗೂ ಕಾಣಂಗಿಲ್ಲ. ಹಡಗಿನಾಗ ಹೋಗಿ ಮುಟ್ಟೂದರಾಗ ಬೂಸ್ರು ಹಿಡದಿರ್ತೈತಿ. ಅಲ್ಲೆ ಬಿಚ್ಚಿದ ಮ್ಯಾಲೆ ನಾವು ಇಲ್ಲಿಂದ ಬಡಕೊಂಡ್ರ ಯಾರು ಕೇಳ್ತಾರ? ಇದ್ದದ್ದು ಬರಿ."

ಹೆಂಡತಿಯನ್ನು ತೊಯ್ದ ಮೆಣಸಿನಕಾಯಿ ಚೀಲಕ್ಕೆ ಹೋಲಿಸಿದ ಗಂಡಂದಿರು ಕಡಿಮೆ. ಆದರೂ ಅದರಲ್ಲಿ ಅಕ್ಕರೆ ಇತ್ತು. ಗುರುರಾಜ ನಿಟ್ಟುಸಿರು ಬಿಟ್ಟು ಇದ್ದದ್ದು ಬರೆದ. ಒಂದು ವಾರದೊಳಗೆ ಕಂಪನಿ ನನ್ನನ್ನು ಬೇಡ ಎಂದಿತು. ನಮ್ಮವರನ್ನು ಕಣ್ಣು ಮುಚ್ಚಿ ಒಪ್ಪಿಕೊಂಡಿತು.

ತಿರಸ್ಕಾರ ಒಂದು ವಿಚಿತ್ರ ಅನುಭವ. ಹೆಣ್ಣು ನೋಡಲು ಬಂದವರು ಒಲ್ಲೆ ಎಂದಾಗಲೂ ಅಷ್ಟು ಬೇಜಾರಾಗಿರಲಿಲ್ಲ. ಆಗ ಅವರು ಕಣ್ಣಾರೆ ನೋಡಿ ಒಲ್ಲೆ ಎಂದಿದ್ದರು. ಇಲ್ಲಿ ಮುಖ ನೋಡದವರು ನನ್ನ ಒಂದು ಅಂಗವನ್ನಷ್ಟೇ ಓದಿ ಒಲ್ಲೆ ಎಂದರು.

ಗುರುರಾಜನಿಗೆ ಮಾತ್ರ ಹಟ ಬಂತು. ಹಾವೇರಿಯಲ್ಲಿ ಇನ್ನೊಂದು ಕಂಪನಿಯ ಕಚೇರಿ ಇದೆ, ಅಲ್ಲಿಯ ಅಧಿಕಾರಿಯನ್ನು ಮುಖತಃ ಕಾಣೋಣ ಎಂದು ಕರೆದುಕೊಂಡು ಹೋದ. ಅಧಿಕಾರಿ ಮೈಸೂರು ಕಡೆಯ ತರುಣ, ಬಹಳ ನಯದವನು. ನಮ್ಮ ಮೂವರನ್ನೂ ಕೂರಿಸಿ, ಅರ್ಜಿ ಓದಿ, ನೇರವಾಗಿ ನಮ್ಮವರನ್ನೇ ನೋಡುತ್ತ ಮೃದುವಾಗಿ ಕೇಳಿದ: "ಎಷ್ಟು ವರ್ಷದಿಂದ ತಗೋತಾ ಇದೀರಿ ಸರ್?"

"ಏನು?"

"ಸಂಕೋಚ ಬೇಡಿ ಸರ್. ಈಗ ನಿಲ್ಲಿಸಿದ್ದೀರಾ, ಅಥವಾ ಅಪರೂಪಕ್ಕೊಮ್ಮೆ?"

ನಮ್ಮವರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಎರಡು ವರ್ಷದ ನೋವಿತ್ತು. ನಾನು, "ಲಿವರ್ ನಂದು ಸರ್" ಎಂದೆ. ಅಧಿಕಾರಿ ಅರ್ಜಿಯನ್ನು ಮತ್ತೊಮ್ಮೆ ಓದಿ, ನನ್ನ ಕುಂಕುಮವನ್ನು ನೋಡಿ, ಕೆಂಪಾಗಿ, "ಕ್ಷಮಿಸಿ ಮೇಡಂ" ಎಂದ. ತುಸು ತಡೆದು, "ನೀವು...?" ಎಂದು ವಾಕ್ಯವನ್ನು ಅಲ್ಲಿಗೇ ಬಿಟ್ಟ. ವ್ಯಾಕರಣ ಕಲಿಸಿದವಳಾದ್ದರಿಂದ ಆ ಖಾಲಿ ಜಾಗದಲ್ಲಿ ಯಾವ ಕ್ರಿಯಾಪದ ಬರಬೇಕಿತ್ತೆಂದು ನನಗೆ ತಿಳಿಯಿತು. "ಇಲ್ಲ, ಚಹಾ ಮಾತ್ರ" ಎಂದೆ.

ಅವನು ಕೆಟ್ಟವನಲ್ಲ. ಮೇಲಿನವರಿಗೆ ಬರೆದು ನೋಡುತ್ತೇನೆ, ಡಾಕ್ಟರಿಂದ ಒಂದು ಸರ್ಟಿಫಿಕೇಟ್ ತನ್ನಿ ಎಂದ. ರೋಗ ಹತೋಟಿಯಲ್ಲಿದೆ, ವಿಮಾನದಲ್ಲಿ ಹೋಗಲು ಅಡ್ಡಿಯಿಲ್ಲ, ರೋಗಿಗೆ ಕುಡಿತದ ಚಟವಿಲ್ಲ ಎಂದು ಅದರಲ್ಲಿರಬೇಕು.

ರಾಣೆಬೆನ್ನೂರಿಗೆ ಹೋದೆವು. ಡಾಕ್ಟರು ಹೇಳುತ್ತ ಹೋದರು, ಹೊರಗೆ ಕುಳಿತಿದ್ದ ಗುಮಾಸ್ತೆ ಟೈಪ್ ಮಾಡಿದ. ನಮ್ಮ ಮನೆಯ ಫೈಲೆಲ್ಲ ಅಲ್ಲಿ ಯಜಮಾನರ ಹೆಸರಿನಲ್ಲಿತ್ತು. ಹಾಗಾಗಿ ನಾವು ಹಾವೇರಿಗೆ ಒಯ್ದು ಕೊಟ್ಟ ಸರ್ಟಿಫಿಕೇಟಿನಲ್ಲಿ ಶ್ರೀ ಚನ್ನವೀರಪ್ಪನವರಿಗೆ ಲಿವರ್ ಕಾಯಿಲೆ ಇದೆ, ಅವರು ಜೀವಮಾನದಲ್ಲಿ ಮದ್ಯ ಮುಟ್ಟಿಲ್ಲ ಎಂದಿತ್ತು. ಅಧಿಕಾರಿ ಓದಿ ಕುರ್ಚಿಗೆ ಒರಗಿದ. "ಹಾಗಾದರೆ ಲಿವರ್ ಸರ್ ಅವರದೇ" ಎಂದ, ಮೊದಲೇ ಗೊತ್ತಿತ್ತು ಎಂಬ ಧ್ವನಿಯಲ್ಲಿ.

ಮತ್ತೆ ರಾಣೆಬೆನ್ನೂರಿಗೆ ಹೋಗಿ ಬೇರೆ ಸರ್ಟಿಫಿಕೇಟ್ ಮಾಡಿಸಿದೆವು. ಡಾಕ್ಟರು ಹಳೆಯದನ್ನು ಹರಿಯಲು ಕೈಚಾಚಿದಾಗ ನಮ್ಮವರು ಅದನ್ನು ಕೊಡಲಿಲ್ಲ. "ಇರಲಿ ಬಿಡ್ರಿ ಸಾಹೇಬ್ರ" ಎಂದು ಮಡಚಿ ಜೇಬಿಗಿಟ್ಟುಕೊಂಡರು. ಮುಂದೆ ಅಂಗಡಿಗೆ ಬಂದ ಕೆಲವರಿಗೆ ಅದರ ಎರಡನೆಯ ಸಾಲನ್ನು ಮಾತ್ರ, ಮೊದಲನೆಯ ಸಾಲಿನ ಮೇಲೆ ಹೆಬ್ಬೆರಳಿಟ್ಟು, ತೋರಿಸುತ್ತಿದ್ದರಂತೆ.

ಅಂತೂ ಪಾಲಿಸಿ ಬಂತು, ಇಬ್ಬರದೂ ಒಂದೇ ಕಡೆ ಇರಲಿ ಎಂದು ನಮ್ಮವರನ್ನೂ ಇದರಲ್ಲೇ ಸೇರಿಸಿದ್ದೆವು. ದಪ್ಪ ಕಾಗದ, ಬಹಳ ಸಣ್ಣ ಅಕ್ಷರ. ಗುರುರಾಜ, ನಾನು, ನಮ್ಮವರು, ನೋಡಲು ಬಂದಿದ್ದ ಜೈಬುನ್ನಿಸಾ, ಎಲ್ಲರೂ ಸುತ್ತ ಕುಳಿತು ಓದಿದೆವು. ಸೂಟ್‌ಕೇಸ್ ಕಳೆದರೆ ಕಂಪನಿ ಹೊಣೆ. ವಿಮಾನ ತಡವಾದರೆ ಹೊಣೆ. ಪಾಸ್‌ಪೋರ್ಟ್ ಕಳೆದರೆ, ಹಲ್ಲು ನೋಯಿಸಿಕೊಂಡರೆ, ಕಾಲು ಮುರಿದುಕೊಂಡರೆ, ನಾನು ಯಾರಿಗಾದರೂ ಡಿಕ್ಕಿ ಹೊಡೆದು ಬೀಳಿಸಿದರೆ, ಎಲ್ಲಕ್ಕೂ ಹೊಣೆ. ಲಿವರ್ ಮತ್ತು ಲಿವರಿನಿಂದ ಉಂಟಾಗುವ ಯಾವುದಕ್ಕೂ ಹೊಣೆಯಲ್ಲ.

"ಅಂದ್ರ ಲಿವರಿನ ಸಲುವಾಗಿ ವಿಮೆ ಮಾಡಸಾಕ ಹೋಗಿ, ಲಿವರ್ ಬಿಟ್ಟು ಉಳಿದದ್ದಕ್ಕೆಲ್ಲ ಮಾಡಿಸ್ಕೊಂಡು ಬಂದಂಗಾತು" ಎಂದರು ನಮ್ಮವರು.

ಗುರುರಾಜ ಧೈರ್ಯಗೆಡಲಿಲ್ಲ. ಕೊನೆಯ ಪುಟದಲ್ಲಿ ಇರುವೆಯಂಥ ಅಕ್ಷರದ ಸಾಲೊಂದನ್ನು ಬೆರಳಿಟ್ಟು ತೋರಿಸಿದ. "ಇಲ್ಲಿ ನೋಡ್ರಿ, ಜೀವಕ್ಕs ಬಂತು ಅಂದ್ರ, ಜೀವ ಉಳಸೂತನಕ ಕೊಡ್ತಾರ. ಉಳದ್ರಿ ಅಂದ್ರ ಅಲ್ಲಿಗೆ ಬಂದ್." ಈ ಷರತ್ತಿನ ಪ್ರಕಾರ ನಾನು ಅರ್ಧಂಬರ್ಧ ಕಾಯಿಲೆ ಬೀಳುವಂತಿರಲಿಲ್ಲ. ಬಿದ್ದರೆ ಪೂರ್ತಿ ಬೀಳಬೇಕು, ಮತ್ತು ಬೇಗ ಏಳಬೇಕು.

ನಗುವೆಲ್ಲ ಮುಗಿದ ಮೇಲೆ ನಮ್ಮವರು ಗಂಭೀರವಾದರು. ಬೇಡ, ಹೋಗುವುದೇ ಬೇಡ ಎಂದರು. ಭಾಷೆ ಬಾರದ ಊರಲ್ಲಿ ನಿನಗೇನಾದರೂ ಆದರೆ ಯಾರನ್ನು ಕೇಳಲಿ ಎಂದರು. ನನಗೂ ಒಳಗೆ ಹೆದರಿಕೆ ಇತ್ತು, ತೋರಿಸಿಕೊಂಡಿರಲಿಲ್ಲ. ಮತ್ತೊಮ್ಮೆ ಡಾಕ್ಟರನ್ನೇ ಕೇಳಿದೆವು. ಅವರು ಪಾಲಿಸಿಯನ್ನು ತಿರುವಿ ನೋಡಿ, "ಬ್ಯಾಡಗಿಯೊಳಗ ನಿನ್ನ ಲಿವರಿಗೆ ವಿಮಾ ಐತೇನವಾ?" ಎಂದು ಕೇಳಿದರು.

"ಇಲ್ರಿ."

"ಮತ್ತ ಬ್ಯಾಡಗಿಯೊಳಗ ದಿನಾ ಹೆಂಗ ಇರ್ತೀ?"

ಡಾಕ್ಟರು ಪಾಲಿಸಿಯನ್ನು ಮಡಚಿ ನನ್ನ ಕೈಗಿಟ್ಟರು. ಗುಳಿಗೆಗಳನ್ನು ಎರಡು ಚೀಲಗಳಲ್ಲಿ ಹಂಚಿ ಇಟ್ಟುಕೋ, ಒಂದು ಕಳೆದರೂ ಇನ್ನೊಂದು ಇರುತ್ತದೆ, ಹೋಗಿ ಬಾ ಎಂದರು. ಹೊರಡುವ ಹಿಂದಿನ ದಿನ ಜೈಬುನ್ನಿಸಾ ಬಂದು ತಬ್ಬಿಕೊಂಡು, ಕಲೇಜಾ ಗಟ್ಟಿ ಇಟ್ಟುಕೋ ಎಂದಳು. ಅದು ವೈದ್ಯಕೀಯ ಸಲಹೆಯೋ ಹಾರೈಕೆಯೋ ನಾನು ಕೇಳಲಿಲ್ಲ. ಎರಡಕ್ಕೂ ಹೂಂ ಎಂದೆ.

ಪೇಟೆಯಲ್ಲಿ ಮಾಲು ಕಡಿಮೆ ಇರುವ ಸಮಯ, ದಸರೆಯ ಆಸುಪಾಸು. ನಾವೆಲ್ಲ ಸೇರಿ ಸ್ಪೇನಿಗೆ ಹೋದೆವು. ಆ ಪ್ರಯಾಣದುದ್ದಕ್ಕೂ ನಮ್ಮ ಗುಂಪಿನವರು ನನ್ನನ್ನು ಗಾಜಿನ ಸಾಮಾನಿನಂತೆ ನೋಡಿಕೊಂಡರು. ನನ್ನ ಚೀಲ ಒಬ್ಬರು ಹಿಡಿದರೆ ನನ್ನ ಕೊಡೆ ಇನ್ನೊಬ್ಬರು. ನಾನು ಆಕಳಿಸಿದರೂ ನಮ್ಮವರು ಪಾಲಿಸಿ ಇಟ್ಟ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ತಮ್ಮ ಮೈಯ ಕಡೆ ಮಾತ್ರ ಇವರ ಲಕ್ಷ್ಯವಿರಲಿಲ್ಲ. ವಿಮಾನದ ಪಾಯಖಾನೆ ಇವರಿಗೆ ಒಗ್ಗಲಿಲ್ಲ. ಅದಕ್ಕೆ ಹೋಗುವುದು ಬೇಡವೆಂದು ನೀರು ಕುಡಿಯುವುದನ್ನೇ ಬಿಟ್ಟರು. ಅಲ್ಲಿ ಮುಟ್ಟಿದ ಮೇಲೆ, ಬಸ್ಸಿನಲ್ಲಿ ಗಂಟೆಗಟ್ಟಲೆ ಕೂರಬೇಕಾದ್ದರಿಂದ, ಅದೇ ವ್ರತವನ್ನು ಮುಂದುವರಿಸಿದರು. ನನಗೆ ಇದು ಗೊತ್ತಾಗಲಿಲ್ಲ. ನನ್ನ ಬಾಟಲಿ ತುಂಬಿಸಿಕೊಡುತ್ತಿದ್ದವರೇ ಇವರು, ತಾವೂ ಕುಡಿಯುತ್ತಾರೆಂದು ತಿಳಿದಿದ್ದೆ.

ಮೆಣಸಿನಕಾಯಿ ಹೊಲ ನೋಡಲು ಹೊರಡಬೇಕಾದ ದಿನ ಬೆಳಿಗ್ಗೆ, ಹೋಟೆಲಿನ ಬಾಗಿಲ ಮುಂದೆ, ನಮ್ಮವರು ಪಕ್ಕೆ ಹಿಡಿದುಕೊಂಡು ಕುಸಿದು ಕುಳಿತರು. ಮುಖ ಬೆವರಿನಿಂದ ತೊಯ್ದಿತ್ತು. ಗುಂಪಿನವರೆಲ್ಲ ಓಡಿಬಂದರು, ಬಂದು ನನ್ನನ್ನು ಹಿಡಿದುಕೊಂಡರು. "ಟೀಚರ್, ಏನಾತ್ರಿ ನಿಮಗ? ಕುಂದ್ರಿ, ಕುಂದ್ರಿ" ಎನ್ನುತ್ತಿದ್ದರು. ನನಗಲ್ಲ, ಇವರಿಗೆ ಎಂದು ಹೇಳಲು ನಾನು ಅವರ ಕೈ ಬಿಡಿಸಿಕೊಳ್ಳಬೇಕಾಯಿತು.

ಕಂಪನಿಯ ಕಡೆಯಿಂದ ನಮ್ಮ ಜೊತೆಗಿದ್ದ ದುಭಾಷಿ ಹುಡುಗಿ ಕಾರು ತರಿಸಿ ಆಸ್ಪತ್ರೆಗೆ ಕರೆದೊಯ್ದಳು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು, ನನಗೆ ಹೈಸ್ಕೂಲಿನ ಇಂಗ್ಲಿಷ್ ಬರುತ್ತಿತ್ತು. ಇಬ್ಬರೂ ನಡುವೆಲ್ಲೋ ಭೇಟಿಯಾಗುತ್ತಿದ್ದೆವು. ಪಾಲಿಸಿಯಲ್ಲಿದ್ದ ಸಂಖ್ಯೆಗೆ ನಾನೇ ಫೋನ್ ಮಾಡಿದೆ. ಅತ್ತ ಕಡೆಯ ಹೆಂಗಸು ಕಂಪ್ಯೂಟರಿನಲ್ಲಿ ನಮ್ಮ ಹೆಸರು ಹುಡುಕಿ, ಲಿವರ್ ಆದರೆ ನಮ್ಮ ಹೊಣೆಯಿಲ್ಲ ಎಂದು ಶುರುಮಾಡಿದಳು. ಲಿವರ್ ಆರಾಮವಾಗಿದೆ, ಈಗ ಮಾತಾಡುತ್ತಿರುವುದೇ ಲಿವರ್, ಮಲಗಿರುವುದು ಲಿವರಿನ ಗಂಡ ಎಂದು ಬಿಡಿಸಿ ಹೇಳಿದೆ. ಅವಳು ನಕ್ಕಳು. ಇವರಿಗೆ ಮೊದಲಿನಿಂದ ಯಾವ ಕಾಯಿಲೆಯೂ ಇಲ್ಲವಾದ್ದರಿಂದ ಎಲ್ಲ ಖರ್ಚೂ ಕಂಪನಿಯದು ಎಂದಳು. ಹಾಗೆಯೇ ಆಯಿತು, ಮುಂದೆ ಒಂದು ಮಾತೂ ಕೇಳದೆ ಕೊಟ್ಟರು.

ಕಿಡ್ನಿಯಲ್ಲಿ ಹರಳು. ಸಣ್ಣದು, ತಾನಾಗಿ ಹೋಗುತ್ತದೆ ಎಂದರು. ನೋವಿಗೆ ಸೂಜಿಮದ್ದು ಕೊಟ್ಟ ಮೇಲೆ ಇವರು ಕಣ್ಣು ಬಿಟ್ಟರು. ಅಲ್ಲಿಯ ಡಾಕ್ಟರ್ ಎತ್ತರದ ಮನುಷ್ಯ, ದುಭಾಷಿಯ ಮೂಲಕ ಏನೋ ಕೇಳಿದ. ಅವಳು ನನಗೆ ಹೇಳಿದಳು. ನಾನು ಇವರಿಗೆ ಹೇಳಿದೆ: "ಕುಡಿತೀರೇನು ಅಂತ ಕೇಳಾಕತ್ಯಾರ."

ಇವರ ಮುಖ ನೋಡುವಂತಿತ್ತು. ಇಷ್ಟು ದೂರ ಬಂದರೂ ಬಿಡಲಿಲ್ಲವಲ್ಲ ಎಂಬ ಭಾವ. ಅಂಥ ನಿಶ್ಶಕ್ತಿಯಲ್ಲೂ ಮೊಣಕೈ ಊರಿ ಎದ್ದು, "ಹನಿ ಸೈತ ಕುಡಿಯಾಂಗಿಲ್ಲ ಅಂತ ಹೇಳು" ಎಂದರು. ನಾನು ಅವಳಿಗೆ ಹೇಳಿದೆ, ಅವಳು ಅವನಿಗೆ ಹೇಳಿದಳು. ಡಾಕ್ಟರ್ ಬೇಸರದಿಂದ ತಲೆಯಾಡಿಸಿ ಏನೋ ಅಂದ.

"ಏನಂದ?"

"ಅದಕ್ಕs ಹಿಂಗಾಗೈತಿ ಅಂತ. ಇನ್ನ ಮ್ಯಾಲೆ ಕುಡೀಬೇಕಂತ. ದಿನಾ. ಮುಂಜಾನೆಯಿಂದ ಸಂಜೀತನಕ."

ನೀರಿನ ಮಾತು ಎಂದು ನಾನು ಹೇಳಲು ಸ್ವಲ್ಪ ತಡಮಾಡಿದೆ. ಅಷ್ಟರಲ್ಲಿ ಇವರ ಮುಖದ ಮೇಲೆ ಓಡಿದ ಬಣ್ಣಗಳನ್ನು ನೋಡಬೇಕೆಂಬ ಆಸೆ. ಹೇಳಿದ ಮೇಲೆ ಇವರೂ ನಕ್ಕರು, ನಕ್ಕರೆ ಪಕ್ಕೆ ನೋಯುತ್ತದೆಂದು ನಿಲ್ಲಿಸಿದರು. ಊರಿಗೆ ಬಂದ ಮೇಲೆ, ಚನ್ನವೀರಪ್ಪ ಸ್ಪೇನಿನಲ್ಲಿ ಕುಡಿದು ಆಸ್ಪತ್ರೆ ಸೇರಿದ್ದ ಎಂಬ ಸುದ್ದಿ ಪೇಟೆಯಲ್ಲಿ ಹಬ್ಬಿತು. ಇರಲಿ, ಅದನ್ನು ತಡೆಯುವ ವಿಮೆ ಗುರುರಾಜನ ಹತ್ತಿರವೂ ಇಲ್ಲ.

ಆ ಮಧ್ಯಾಹ್ನ ಇವರು ನಿದ್ದೆ ಹೋದಾಗ ನಾನು ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದೆ. ಹುಬ್ಬಳ್ಳಿಯಲ್ಲಿ ನಾನು ಮಂಚದ ಮೇಲಿದ್ದೆ, ಇವರು ಕುರ್ಚಿಯಲ್ಲಿದ್ದರು. ಕಷ್ಟವೆಲ್ಲ ನನ್ನದೆಂದು ಆಗ ಅಂದುಕೊಂಡಿದ್ದೆ. ಮಂಚದ ಮೇಲಿರುವವರಿಗೆ ನೋಯುವ ಕೆಲಸವಾದರೂ ಇರುತ್ತದೆ. ಕುರ್ಚಿಯಲ್ಲಿರುವವರಿಗೆ ಮಾಡಲು ಏನೂ ಇಲ್ಲ. ಕಿಟಕಿ ನೋಡುವುದು, ಸಲೈನಿನ ಹನಿ ನೋಡುವುದು, ಉಸಿರು ಏರಿಳಿಯುತ್ತಿದೆಯೇ ಎಂದು ನೋಡುವುದು. ನಡುವೆ ಎದ್ದು ಹೊದಿಕೆ ಸರಿಮಾಡುವುದು, ಅದು ಸರಿಯಾಗಿಯೇ ಇದ್ದರೂ. ಇವರು ಹುಬ್ಬಳ್ಳಿಯಲ್ಲಿ ನನ್ನ ಹೊದಿಕೆಯನ್ನು ಮತ್ತೆ ಮತ್ತೆ ಎಳೆದು ನಿದ್ದೆ ಕೆಡಿಸುತ್ತಿದ್ದದ್ದು ಯಾಕೆಂದು ಆಗ ಅರ್ಥವಾಯಿತು. ಸಿಟ್ಟಾಗಿ ಬೈದಿದ್ದೆ ಕೂಡ.

ಮರುದಿನ ಬಿಟ್ಟು ಕಳಿಸಿದರು. ಉಳಿದವರು ಹೊಲ ನೋಡಿ ಬಂದಾಗಿತ್ತು. ದುಭಾಷಿ ಹುಡುಗಿಗೆ ನಮ್ಮವರ ಮುಖ ಓದಲು ಬರುತ್ತಿತ್ತು. ನಮ್ಮಿಬ್ಬರನ್ನೇ ಕಾರಿನಲ್ಲಿ ಕರೆದೊಯ್ದಳು. ಹೊಲ ರಸ್ತೆಯಿಂದ ಸ್ವಲ್ಪ ಒಳಗಿತ್ತು, ದಾರಿ ಉಬ್ಬುತಗ್ಗು. ಇವರು ಇಳಿದು ನಾಲ್ಕು ಹೆಜ್ಜೆ ಇಟ್ಟು ಪಕ್ಕೆ ಹಿಡಿದು ನಿಂತರು.

"ನೀವು ಇಲ್ಲೇ ನೆರಳಾಗ ಕುಂದ್ರಿ" ಎಂದೆ. "ನಾ ನೋಡಿ ಬರ್ತೇನಿ."

ಇವರು ನನ್ನನ್ನು ಒಮ್ಮೆ ನೋಡಿದರು. "ಬಿಸಿಲು ಐತಿ" ಎಂದರು. ಇರಲಿ ಎಂದೆ. ನೀರಿನ ಬಾಟಲಿ ಇವರ ಕೈಗೆ ಕೊಟ್ಟು, ಮುಗಿಸಿರಬೇಕು ಎಂದು ಹೇಳಿ ನಡೆದೆ. ಯಾರೂ ನನ್ನ ಚೀಲ ಹಿಡಿದಿರಲಿಲ್ಲ, ಕೊಡೆ ಹಿಡಿದಿರಲಿಲ್ಲ. ಒಬ್ಬಳೇ ಸಾಲುಗಳ ನಡುವೆ ದೂರದವರೆಗೆ ಹೋದೆ. ಮೊಣಕಾಲೆತ್ತರದ ಗಿಡಗಳು, ತುಂಬ ಕಾಯಿ. ಆಚೆ ಒಣಹಾಕಿದ್ದ ರಾಶಿಯ ಪಕ್ಕ ನಿಂತೆ. ಒಂದು ಕಾಯಿ ಮುರಿದು ಬೆರಳಿಗೆ ತಿಕ್ಕಿದೆ, ಇವರು ಪೇಟೆಯಲ್ಲಿ ಮಾಡುವ ಹಾಗೆ. ನಾಲಿಗೆಗಿಟ್ಟೆ, ಖಾರವಿರಲಿಲ್ಲ. ಬೆರಳು ಮಾತ್ರ ಕುಂಕುಮದಲ್ಲಿ ಅದ್ದಿದಂತಾಗಿತ್ತು. ಬಿಸಿಲಿಗೆ ಹಿಡಿದು ನೋಡಿದೆ. ಆ ಕೆಂಪು ನಮ್ಮದಕ್ಕಿಂತ ಒಂದು ಕೈ ಹೆಚ್ಚೇ ಇತ್ತು.

ಬೆರಳನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ವಾಪಸು ಬಂದೆ. ಇವರು ಖಾಲಿ ಬಾಟಲಿ ಹಿಡಿದು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ಕುಳಿತಿದ್ದರು.

"ಹೆಂಗೈತಿ ಬಣ್ಣ?"

"ಐತಿ ತಕ್ಕಮಟ್ಟಿಗೆ" ಎಂದೆ. "ನಮ್ಮದರ ಮುಂದ ಏನಲ್ಲ."

ಇವರು ಕಣ್ಣು ಮುಚ್ಚಿ, ಮರಕ್ಕೆ ಒರಗಿ, ಬಹಳ ದಿನಗಳ ಮೇಲೆ ನೆಮ್ಮದಿಯ ಉಸಿರು ಬಿಟ್ಟರು. ಅರ್ಜಿಯಲ್ಲಿ ಇದ್ದದ್ದನ್ನೆಲ್ಲ ಇದ್ದ ಹಾಗೆ ಬರೆಯಬೇಕು, ಅದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ಆದರೆ ಕಾಯಿಲೆಯಿಂದ ಆಗಷ್ಟೇ ಎದ್ದ ಮನುಷ್ಯನಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು ಎಂಬುದನ್ನು ಯಾವ ಕಂಪನಿಯೂ ಕೇಳುವುದಿಲ್ಲ. ಅದು ಕುರ್ಚಿಯಲ್ಲಿ ಕುಳಿತವರಿಗೆ ಬಿಟ್ಟದ್ದು.